ಮೊದಲ ಫ್ಯಾಂಟಸಿ ಕಾದಂಬರಿ ಎಷ್ಟು ದೊಡ್ಡದಿರಬೇಕು?

ವಯಸ್ಕ ಓದುಗರಿಗಾಗಿ ಮೊದಲ ಫ್ಯಾಂಟಸಿ ಕಾದಂಬರಿ ಬರೆಯುವವರು ಒಂದು ಲಕ್ಷ ಪದಗಳ ಆಸುಪಾಸನ್ನು ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು. ಇಂಗ್ಲಿಷ್ ಪ್ರಕಾಶನ ವಲಯದಲ್ಲಿ ಹೊಸ ಲೇಖಕರಿಂದ ಸಾಮಾನ್ಯವಾಗಿ ನಿರೀಕ್ಷಿಸುವುದು 90,000ದಿಂದ 1,20,000 ಪದಗಳ ಹಸ್ತಪ್ರತಿಯನ್ನು. ಹದಿಹರೆಯದವರಿಗಾಗಿ ಬರೆದದ್ದಾದರೆ ಇದು 70,000ದಿಂದ 1,00,000ಕ್ಕೆ ಇಳಿಯುತ್ತದೆ. ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಕೃತಿಗಳಿಗೆ ಕೊಡುವ ಹ್ಯೂಗೋ ಮತ್ತು ನೆಬ್ಯುಲಾ ಪ್ರಶಸ್ತಿಗಳ ನಿಯಮದಂತೆ 40,000 ಪದ ಮುಟ್ಟಿದ ಕೃತಿ ಕಾದಂಬರಿಯೇ ಹೌದು, ಆದರೆ ಅದು ವರ್ಗೀಕರಣಕ್ಕೆ ಹಾಕಿಕೊಂಡ ಗೆರೆಯೇ ಹೊರತು ಪ್ರಕಾಶಕರ ಅಪೇಕ್ಷೆಯಲ್ಲ. ಅಕ್ಷರದ ಗಾತ್ರ ಬದಲಾದರೆ ಪುಟಗಳ ಸಂಖ್ಯೆಯೂ ಬದಲಾಗುವುದರಿಂದ ಪದಗಳಲ್ಲೇ ಲೆಕ್ಕವಿಡಬೇಕು.

ಈ ಅಂಕಿಗಳೆಲ್ಲ ಇಂಗ್ಲಿಷ್ ಬರವಣಿಗೆಯವು ಎಂಬುದನ್ನು ಮರೆಯಬಾರದು. ಪ್ರತ್ಯಯಗಳೂ ಸಂಧಿಗಳೂ ಪದದೊಳಗೇ ಸೇರಿಹೋಗುವ ಕನ್ನಡದಲ್ಲಿ ಅದೇ ಕಥೆ ಗಮನಾರ್ಹವಾಗಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ; ಎಪ್ಪತ್ತೈದು ಸಾವಿರ ಪದಗಳಿಗೇ ಕನ್ನಡದ ಕರಡು ತುಂಬಿಕೊಂಡಂತೆ ಕಂಡರೆ ಅಳುಕಬೇಕಾದ್ದಿಲ್ಲ.

ಈ ಮಿತಿಯ ಹಿಂದಿರುವುದು ಬಹುಮಟ್ಟಿಗೆ ಖರ್ಚಿನ ಲೆಕ್ಕಾಚಾರ. ಪುಸ್ತಕ ದಪ್ಪವಾದಷ್ಟೂ ಕಾಗದ, ಬೈಂಡಿಂಗ್, ಸಂಪಾದನೆ, ಕರಡು ತಿದ್ದುವಿಕೆ ಎಲ್ಲದರ ವೆಚ್ಚವೂ ಏರುತ್ತದೆ. ಹೆಸರೇ ಕೇಳದ ಲೇಖಕರ ದುಬಾರಿ ಪುಸ್ತಕವನ್ನು ಕೊಳ್ಳಲು ಓದುಗರು ಹಿಂದೆಮುಂದೆ ನೋಡುತ್ತಾರೆ. ಇದರ ಜೊತೆಗೆ, ಎರಡು ಲಕ್ಷ ಪದಗಳ ಹಸ್ತಪ್ರತಿ ಕೈಗೆ ಬಂದರೆ ಲೇಖಕರು ಅದನ್ನು ಸರಿಯಾಗಿ ತಿದ್ದಿಲ್ಲವೆಂಬ ಅನುಮಾನ ಸಂಪಾದಕರಿಗೆ ಮೊದಲ ಪುಟ ಓದುವ ಮುನ್ನವೇ ಮೂಡುತ್ತದೆ. ಇದಕ್ಕೆ ಪ್ರತಿಯಾಗಿ ಅನೇಕರು ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಬೃಹತ್ ಫ್ಯಾಂಟಸಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯನ್ನು ಮುಂದಿಡುತ್ತಾರೆ. ಆದರೆ ಅದು ಅವರ ಮೊದಲ ಕಾದಂಬರಿಯಲ್ಲ. 1937ರಲ್ಲಿ ಬಂದು ಯಶಸ್ಸು ಕಂಡಿದ್ದ ಅವರ ಮೊದಲ ಕಾದಂಬರಿ 'ದಿ ಹಾಬಿಟ್' ಒಂದು ಲಕ್ಷ ಪದಗಳಿಗಿಂತ ಚಿಕ್ಕದು. ಹಾಗೆ ಓದುಗರನ್ನು ಗಳಿಸಿದ ಲೇಖಕರ ದೊಡ್ಡ ಕೃತಿಯನ್ನೂ ಪ್ರಕಾಶಕರು 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಒಡೆದೇ ಹೊರತಂದರು.

ಗಾತ್ರವನ್ನು ಬರೆಯುವ ಮೊದಲೇ ಅಂದಾಜು ಮಾಡಬಹುದು. ಕಥೆಯ ಪ್ರತಿಯೊಂದು ದೃಶ್ಯಕ್ಕೂ ಒಂದೊಂದು ಸಾಲು ಬರೆದು ಪಟ್ಟಿ ಮಾಡಿ, ಒಂದು ದೃಶ್ಯಕ್ಕೆ ಸುಮಾರು 1,600 ಪದಗಳೆಂದು ಹಿಡಿದರೆ 60 ದೃಶ್ಯಗಳಿಗೆ 96,000 ಪದಗಳಾಗುತ್ತವೆ. ಪಟ್ಟಿಯಲ್ಲಿ 110 ದೃಶ್ಯಗಳಿದ್ದರೆ ಆರಂಭಿಸುವ ಮುಂಚೆಯೇ ಯೋಚಿಸಬೇಕು. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಥೆಯನ್ನು ಎಷ್ಟು ಪಾತ್ರಗಳ ಕಣ್ಣಿನಿಂದ ಹೇಳುತ್ತೀರಿ ಎಂಬ ಪ್ರಶ್ನೆ. ಅಂಥ ಪ್ರತಿಯೊಬ್ಬರಿಗೂ ಸ್ವಂತ ಪರಿಚಯ, ಬಯಕೆ, ಅಡ್ಡಿ, ಅಂತ್ಯ ಬೇಕಾಗುತ್ತದೆ; ಐವರಿದ್ದರೆ ಲಕ್ಷ ಪದಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಇಪ್ಪತ್ತು ಸಾವಿರ, ಅಂದರೆ ಒಂದು ನೀಳ್ಗತೆಯಷ್ಟು ಜಾಗ. ಮೊದಲ ಕಾದಂಬರಿಗೆ ಇಬ್ಬರು, ಹೆಚ್ಚೆಂದರೆ ಮೂವರು ಸಾಕೆಂಬುದು ನನ್ನ ಅಭಿಪ್ರಾಯ. ನಿಮ್ಮ ಲೋಕದಲ್ಲಿ ಹನ್ನೆರಡು ರಾಜ್ಯಗಳೂ ಮೂರು ಸಾವಿರ ವರ್ಷಗಳ ಚರಿತ್ರೆಯೂ ಇರಲಿ, ಅಡ್ಡಿಯಿಲ್ಲ. ಈ ಕಥೆಗೆ ಅದರಲ್ಲಿ ಎಷ್ಟು ಬೇಕೋ ಅಷ್ಟೇ ಪುಟಕ್ಕೆ ಇಳಿಯಬೇಕು.

ಮೊದಲ ಕರಡು ಮುಗಿಯುವವರೆಗೆ ಪದಸಂಖ್ಯೆಯ ಬಗ್ಗೆ ತಲೆಕೆಡಿಸಿಕೊಳ್ಳದೆ, ಅದು 1,40,000 ದಾಟಿದ್ದರೆ ಆಮೇಲೆ ಹೀಗೆ ಮಾಡಿ. ಪ್ರತಿ ಅಧ್ಯಾಯದ ಮುಂದೆ ಯಾರು ಏನನ್ನು ಬಯಸಿದರು ಎಂದೂ, ಕೊನೆಯಲ್ಲಿ ಏನು ಬದಲಾಯಿತು ಎಂದೂ ಬರೆಯಿರಿ. ಎರಡನೆಯದಕ್ಕೆ ಉತ್ತರ ಸಿಗದ ಅಧ್ಯಾಯವನ್ನು ಪಕ್ಕದ್ದರೊಂದಿಗೆ ಸೇರಿಸಿ, ಇಲ್ಲವೇ ತೆಗೆದುಹಾಕಿ. ಲೋಕದ ಹುಟ್ಟನ್ನು ವಿವರಿಸುವ ಪೀಠಿಕೆ, ಏನೂ ಘಟಿಸದ ಪ್ರಯಾಣ, ಓದುಗರು ಆಗಲೇ ಕಂಡದ್ದನ್ನು ಮತ್ತೊಬ್ಬರಿಗೆ ಒಪ್ಪಿಸುವ ಸಭೆ, ಒಂದೇ ಕೆಲಸಕ್ಕಿರುವ ಇಬ್ಬರು ಗುರುಗಳು, ಇವೇ ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗಗಳು. ವಾಕ್ಯಗಳನ್ನು ಬಿಗಿಗೊಳಿಸುವುದರಿಂದ ಹತ್ತನೇ ಒಂದು ಭಾಗದಷ್ಟು ಇಳಿಸಬಹುದು; ಅದಕ್ಕಿಂತ ಹೆಚ್ಚು ಇಳಿಯಬೇಕಾದರೆ ಒಂದು ಉಪಕಥೆಯನ್ನೇ ಕೈಬಿಡಬೇಕಾಗುತ್ತದೆ, ಅದು ಎಷ್ಟೇ ಪ್ರಿಯವಾಗಿದ್ದರೂ.

ಎರಡು ಲಕ್ಷ ದಾಟಿದ ಕರಡನ್ನು ನಟ್ಟನಡುವೆ ಕತ್ತರಿಸಿ ಎರಡು ಪುಸ್ತಕವೆನ್ನುವುದು ಸರಿಯಲ್ಲ. ಆರಂಭದಲ್ಲಿ ಎತ್ತಿದ ಮುಖ್ಯ ಪ್ರಶ್ನೆಗೆ ಉತ್ತರ ದೊರೆಯುವ ತಾಣವೊಂದು ಒಳಗೆಲ್ಲಾದರೂ ಇದೆಯೇ ಎಂದು ಹುಡುಕಿ, ಇಲ್ಲವಾದರೆ ಅಂಥದೊಂದನ್ನು ಕಟ್ಟಿ, ಮೊದಲ ಪುಸ್ತಕವನ್ನು ಅಲ್ಲಿಗೆ ಮುಗಿಸಬೇಕು.

ಕರಡು ತೀರ ಚಿಕ್ಕದಾದರೆ ವರ್ಣನೆ ತುಂಬಲು ಹೋಗಬೇಡಿ. ಇಂಥ ಕರಡುಗಳಲ್ಲಿ ಹೆಚ್ಚಾಗಿ ಕೊರತೆಯಿರುವುದು ಪರಿಣಾಮಗಳದ್ದು: ಮಂತ್ರ ಪ್ರಯೋಗಿಸಿದವರು ಏನನ್ನೂ ಕಳೆದುಕೊಳ್ಳುವುದಿಲ್ಲ, ಯುದ್ಧದ ಮರುದಿನ ಯಾರ ಬದುಕೂ ಬದಲಾಗಿರುವುದಿಲ್ಲ.

ಸ್ವಯಂಪ್ರಕಾಶನದಲ್ಲಿ ತಡೆಯುವವರಿಲ್ಲವಾದರೂ ಮುದ್ರಣದ ವೆಚ್ಚ ಪುಟಕ್ಕೆ ತಕ್ಕಂತೆ ಏರುವುದು ತಪ್ಪದು. ಪ್ರಕಾಶಕರಿಗೆ ಕಳುಹಿಸುವುದಾದರೆ ಪತ್ರದಲ್ಲಿ ಪದಸಂಖ್ಯೆಯನ್ನು ಹತ್ತಿರದ ಸಾವಿರಕ್ಕೆ ಸರಿಹೊಂದಿಸಿ ಬರೆಯಿರಿ. ಸರಣಿಯ ಯೋಜನೆಯಿದ್ದರೆ, ಈ ಪುಸ್ತಕವನ್ನು ಬಿಡಿಯಾಗಿಯೂ ಓದಬಹುದೆಂದು ಒಂದು ವಾಕ್ಯ ಸೇರಿಸಿ.