ಹೊಸ ಅಕ್ವೇರಿಯಂಗೆ ಮೀನು ಬಿಡುವ ಮುನ್ನ

ಗಾಜಿನ ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮನೆಗೆ ತರಬೇಡಿ. ಹೊಸ ತೊಟ್ಟಿಯ ಮೀನು ಕೆಲವೇ ದಿನಗಳಲ್ಲಿ ಸತ್ತರೆ ಬಹಳ ಸಲ ಅದಕ್ಕೆ ಅಮೋನಿಯಾ ಕಾರಣ. ಮೀನು ಕಿವಿರಿನ ಮೂಲಕ ಇದನ್ನು ಹೊರಬಿಡುತ್ತಲೇ ಇರುತ್ತದೆ. ಕೊಳೆತ ಆಹಾರದಿಂದಲೂ ಇದು ಹುಟ್ಟುತ್ತದೆ. ನೀರು ಎಷ್ಟೇ ತಿಳಿಯಾಗಿದ್ದರೂ ವಿಷ ಇರಬಹುದು.

ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತಕ್ಕೆ ಆಮ್ಲಜನಕ ಒಯ್ಯಲು ಬಿಡುವುದಿಲ್ಲ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಜಾಸ್ತಿಯಾಗದಂತೆ ಆಗಾಗ ನೀರು ಬದಲಿಸಿದರೆ ಸಾಕು. ಈ ಎರಡೂ ಬಗೆಯ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಸಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇದನ್ನೇ ತೊಟ್ಟಿ ಸೈಕಲ್ ಮಾಡುವುದು ಅನ್ನುತ್ತಾರೆ.

ಮೊದಲು ತೊಟ್ಟಿ ಮತ್ತು ಜಲ್ಲಿಯನ್ನು ಬರೀ ನೀರಿನಲ್ಲಿ ತೊಳೆಯಿರಿ, ಸೋಪು ಬೇಡ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಜಲ್ಲಿ ಹಾಕಿ, ಮೇಲೆ ಸ್ವಲ್ಪ ಖಾಲಿ ಬಿಟ್ಟರೆ ಸುಮಾರು 35 ಲೀಟರ್ ಹಿಡಿಯುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ಕ್ಲೋರಿನ್ ಮೀನನ್ನೂ ಕೊಲ್ಲುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಏರ್ ಪಂಪ್‌ನಿಂದ ಓಡುವ ಸ್ಪಂಜ್ ಫಿಲ್ಟರ್ ಇಷ್ಟು ತೊಟ್ಟಿಗೆ ಧಾರಾಳ. ಹಗಲೂ ರಾತ್ರಿ ಓಡಲಿ. ಗೆಳೆಯರ ಮನೆಯಲ್ಲಿ ಆರೋಗ್ಯವಾದ ಹಳೆಯ ತೊಟ್ಟಿ ಇದ್ದರೆ ಅಲ್ಲಿನ ಸ್ಪಂಜಿನ ತುಂಡೊಂದನ್ನು ಒಣಗಲು ಬಿಡದೆ ತಂದು ಹಾಕಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತದೆ.

ಬ್ಯಾಕ್ಟೀರಿಯಾಕ್ಕೂ ಊಟ ಬೇಕಲ್ವಾ? ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಅಮೋನಿಯಾ ಬರಲಿ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಕೊಳ್ಳಿ. ಈ ಖರ್ಚನ್ನು ದಯವಿಟ್ಟು ಉಳಿಸಬೇಡಿ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಹಲವರು ಇಲ್ಲೇ ತಾಳ್ಮೆ ಕಳೆದುಕೊಂಡು ಮೀನು ಬಿಟ್ಟುಬಿಡುತ್ತಾರೆ. ಆಹಾರ ಹಾಕುತ್ತಿದ್ದರೂ ಒಂದು ವಾರ ಎರಡೂ ಸೊನ್ನೆಯಲ್ಲೇ ನಿಂತು ನೈಟ್ರೇಟ್ ಕಂಡರೆ ತೊಟ್ಟಿ ಸಿದ್ಧ. ಅರ್ಧ ನೀರು ಬದಲಿಸಿ, ಮರುದಿನವೇ ಎರಡು ಮೂರು ಮೀನು ಬಿಡಿ. ಉಳಿದವು ಆಮೇಲೆ ಬರಲಿ.

ಯಾರೋ ಮೀನು ಉಡುಗೊರೆ ಕೊಟ್ಟು ಹೋಗಿದ್ದಾರೆ, ತೊಟ್ಟಿ ಇನ್ನೂ ಹೊಸದು ಅಂದರೆ? ಆಗ ಮೀನು ಇದ್ದಂತೆಯೇ ಸೈಕಲ್ ಮಾಡಬೇಕು. ಮೂರು ನಾಲ್ಕು ಪುಟ್ಟ ಗಪ್ಪಿ ಮೀನಿಗಿಂತ ಹೆಚ್ಚು ಬೇಡ. ಆಹಾರ ದಿನಕ್ಕೊಮ್ಮೆ, ಒಂದೇ ನಿಮಿಷದಲ್ಲಿ ಖಾಲಿಯಾಗುವಷ್ಟು. ದಿನವೂ ಪರೀಕ್ಷಿಸಿ. ಅಮೋನಿಯಾ ಅಥವಾ ನೈಟ್ರೈಟ್ 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ಮುಟ್ಟುವ ಮುಂಚೆಯೇ ಮೂರನೇ ಒಂದು ಭಾಗ ನೀರನ್ನು, ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8ರ ಆಸುಪಾಸಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಕಿಟ್ ಅಷ್ಟೇ ಅಮೋನಿಯಾ ತೋರಿಸಿದರೂ, ಪಿಎಚ್ 7ಕ್ಕೆ ಹೋಲಿಸಿದರೆ ಅದರಲ್ಲಿನ ವಿಷದ ಭಾಗ ಸುಮಾರು ಹತ್ತು ಪಟ್ಟು ಇರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆ ಕ್ಷಣವೇ ನೀರು ಬದಲಿಸಿ.

ಸ್ಪಂಜ್ ಕಟ್ಟಿಕೊಂಡಾಗ ಅದನ್ನು ನಲ್ಲಿ ಕೆಳಗೆ ಹಿಡಿಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ, ಕೂಡಲೇ ವಾಪಸ್ ಹಾಕಿ.