ಗಿಡದ ಕೆಂಪು ಬಣ್ಣ ಜೀವಕೋಶದ ರಸದಲ್ಲಿದೆಯೋ, ಕೋಶದ ಗೋಡೆಯಲ್ಲಿದೆಯೋ? ಮನೆಯಲ್ಲೇ ಪತ್ತೆ ಮಾಡಿ

ಮಳೆಗಾಲದಲ್ಲಿ ಬಾವಿಕಟ್ಟೆ ಮೇಲೆ, ನರ್ಸರಿ ಕುಂಡಗಳಲ್ಲಿ ಹಸಿರು ರಿಬ್ಬನ್ ತರಹ ನೆಲಕ್ಕೆ ಅಂಟಿಕೊಂಡು ಕವಲೊಡೆಯುವ ಗಿಡ ನೋಡಿರುತ್ತೀರಿ. ಪಾಚಿ ಅಂತ ಕೆರೆದು ಬಿಸಾಡುತ್ತೇವೆ, ಅಲ್ವಾ? ಅದು ಲಿವರ್‌ವರ್ಟ್. ಮೇಲೆ ದುಂಡನೆಯ ಪುಟ್ಟ ಬಟ್ಟಲುಗಳಿದ್ದರೆ ಮಾರ್ಕಾಂಶಿಯಾ. ನಮಗೆ ಬೇಕಾದ್ದು ಅದೇ.

ಬಟ್ಟಲೊಳಗೆ ಹಸಿರು ಚೂರುಗಳಿರುತ್ತವೆ. ಒಂದೊಂದೂ ಒಂದು ಗಿಡವಾಗುತ್ತದೆ. ಒದ್ದೆ ಇಟ್ಟಿಗೆ ಚೂರು ಎರಡು ತಗೊಂಡು ಅವುಗಳ ಮೇಲೆ ಉದುರಿಸಿ. ಒಂದನ್ನು ನೆರಳಲ್ಲಿಟ್ಟು ತೀರಾ ತೆಳುವಾದ ಗೊಬ್ಬರದ ನೀರು ಕೊಡಿ. ಇನ್ನೊಂದಕ್ಕೆ ಬರೀ ಮಳೆನೀರು, ಜೊತೆಗೆ ಜಾಸ್ತಿ ಬೆಳಕು. ಆದರೆ ಒಣಗಲು ಬಿಡಬೇಡಿ, ಒಣಗಿದರೆ ಎಲ್ಲ ಮುಗಿಯಿತು. ಗೊಬ್ಬರ ಸಿಗದೆ ಹಸಿದ ಗಿಡ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಕೆಂಪಾಗತೊಡಗುತ್ತದೆ.

ಈಗ ಪರೀಕ್ಷೆ. ಕೆಂಪಾದ ಚೂರನ್ನು ಒಂದು ಲೋಟ ಸ್ಪಿರಿಟ್‌ನಲ್ಲಿ, ಕೆಂಪು ಎಲೆಕೋಸಿನ ಚೂರನ್ನು ಇನ್ನೊಂದರಲ್ಲಿ ಹಾಕಿ, ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಒಲೆ ಆರಿಸಿದ ಮೇಲೇ ಸ್ಪಿರಿಟ್ ಬಾಟಲಿ ತೆರೆಯಿರಿ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಎಲೆಕೋಸಿನ ನೇರಳೆ ಬಣ್ಣ ಹೊರಗೆ ಬರುತ್ತದೆ. ಲಿವರ್‌ವರ್ಟ್‌ನಿಂದ ಹಸಿರು ಇಳಿಯುತ್ತದೆ, ಕೆಂಪು ಮಾತ್ರ ಬಹುಮಟ್ಟಿಗೆ ಗಿಡದಲ್ಲೇ ಕಚ್ಚಿಕೊಂಡಿರುತ್ತದೆ.

ಯಾಕೆ? ಎಲೆಕೋಸಿನ ಬಣ್ಣ ಜೀವಕೋಶದೊಳಗಿನ ರಸದ ಚೀಲದಲ್ಲಿ ಕರಗಿರುತ್ತದೆ. ಲಿವರ್‌ವರ್ಟ್‌ನದು ಕೋಶದ ಗೋಡೆಗೇ ಬೆಸೆದುಕೊಂಡಿದೆ. ಇದನ್ನು ಬಹಳ ಕಾಲ ಎಲೆಕೋಸಿನ ಬಣ್ಣದ ಜಾತಿಯದೇ ಅಂದುಕೊಂಡಿದ್ದರು. ಬೇರೆಯೇ ಗುಂಪು ಅಂತ ಗೊತ್ತಾಗಿ, ಆರೋನಿಡಿನ್ ಅಂತ ಹೆಸರು ಬಂದದ್ದು 2019ರಲ್ಲಿ.

ಹಸಿದಾಗಲೇ ಕೆಂಪಾಗುವುದೇಕೆ ಅಂದರೆ, ಸಾರಜನಕ, ರಂಜಕ ಸಾಲದ ಗಿಡ ಬಿದ್ದ ಬೆಳಕನ್ನೆಲ್ಲ ಬಳಸಿಕೊಳ್ಳಲಾರದು, ಮಿಕ್ಕಿದ್ದು ಕೋಶವನ್ನೇ ಸುಡುತ್ತದೆ. ಗೋಡೆಯ ಬಣ್ಣ ಅದರಲ್ಲೊಂದಿಷ್ಟನ್ನು ತಡೆದು ಕಿಟಕಿ ಪರದೆಯ ಕೆಲಸ ಮಾಡುತ್ತದೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ನೀರು ಬಿಟ್ಟು ದಡ ಹತ್ತಿದ ಗಿಡಗಳ ಪಾಡೂ ಇದೇ: ತಲೆ ಮೇಲೆ ನೀರಿನ ಮರೆಯಿಲ್ಲ, ಕಾಲಡಿ ಸರಿಯಾದ ಮಣ್ಣೂ ಇಲ್ಲ.

ಇನ್ನೊಂದು ಲಾಭ, ನನಗಂತೂ ಇದೇ ಹೆಚ್ಚು ಇಷ್ಟ. ರೋಗಾಣು ಒಳಗೆ ನುಗ್ಗಬೇಕಾದರೆ ಮೊದಲು ಸಿಗುವುದು ಗೋಡೆ. ಈ ಬಣ್ಣಗಳನ್ನು ಹೆಚ್ಚು ತಯಾರಿಸುವ ಮಾರ್ಕಾಂಶಿಯಾ ಗಿಡಗಳು ಫೈಟಾಫ್ತೊರ ಪಾಮಿವೊರ ಎಂಬ ರೋಗಾಣುವಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ತೋಟದವರಿಗೆ ಇದರ ಪರಿಚಯ ಬೇಡ: ತೆಂಗಿನ ಸುಳಿ ಕೊಳೆಯಿಸುವುದು, ಕೊಕ್ಕೋ ಕಾಯಿ ಕಪ್ಪಾಗಿಸುವುದು ಇದೇ. ಅಡಿಕೆಯ ಕೊಳೆರೋಗವೂ ಇದರ ದಾಯಾದಿಗಳ ಕೆಲಸ.

ಲಿವರ್‌ವರ್ಟ್ ಸಿಗಲಿಲ್ಲವೇ? ಆರ್ಕಿಡ್ ಕುಂಡಕ್ಕೆ ಹಾಕುವ ಸ್ಫ್ಯಾಗ್ನಮ್ ಪಾಚಿಯಲ್ಲಿ ಕೆಂಪು ಎಳೆಗಳೇನಾದರೂ ಇದ್ದರೆ ಅವನ್ನೇ ಸ್ಪಿರಿಟ್‌ಗೆ ಹಾಕಿ. ಅದರ ಕೆಂಪೂ ಗೋಡೆಯದೇ. ಬೀಟ್‌ರೂಟ್ ಬೇಡ, ಅದು ರಸದ ಬಣ್ಣ, ನೀರಿಗೇ ಬಿಟ್ಟುಬಿಡುತ್ತದೆ.