ಬಲಗಡೆ ಕೆಳಮೂಲೆಯಿಂದ ಓದಿದ ಕೋನಿಗ್ಸ್‌ಬರ್ಗರ್

ಆರ್ಕಿಟೆಕ್ಚರ್ ಓದುವಾಗ ಹವಾಮಾನದ ಪೇಪರಿಗೆ ನಮಗೆಲ್ಲ ಒಂದೇ ಪುಸ್ತಕ. ಪೂರ್ತಿ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ‘ಕೋನಿಗ್ಸ್‌ಬರ್ಗರ್’ ಅಂದರೆ ಸಾಕು, ಜೆರಾಕ್ಸ್ ಅಂಗಡಿಯವನೂ ತೆಗೆದು ಕೊಡುತ್ತಿದ್ದ. ಸಜ್ಜಾ ಎಷ್ಟು ಮುಂದೆ ಬರಬೇಕು, ಕಿಟಕಿ ಯಾವ ಕಡೆ ಇರಬೇಕು, ಎಲ್ಲ ಅದರಲ್ಲೇ. ಆ ಪುಸ್ತಕ ಬರೆದ ಮನುಷ್ಯ 1939ರಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನದ ಸರ್ಕಾರಿ ಆರ್ಕಿಟೆಕ್ಟ್ ಆಗಿದ್ದರು ಅಂತ ಮಾತ್ರ ಯಾವ ಮೇಷ್ಟ್ರೂ ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಹದಿನೈದು ವರ್ಷ ಆದ ಮೇಲೆ, ಒಂದು ನೀಲಿ ಹಾಳೆಯ ಮೂಲೆಯಲ್ಲಿ ಅವರ ಸಹಿ ನೋಡಿ.

ನನ್ನ ಕೆಲಸ ಹಳೆಯ ಸಾರ್ವಜನಿಕ ಕಟ್ಟಡಗಳ ರಿಪೇರಿ. ರಿಪೇರಿಗೆ ಮುಂಚೆ ಅಳತೆ ತೆಗೆಯಬೇಕು, ಅದಕ್ಕೂ ಮುಂಚೆ ಹಳೆಯ ಡ್ರಾಯಿಂಗ್ ಇದೆಯಾ ಅಂತ ಕೇಳಬೇಕು. ‘ಇಲ್ಲ’ ಅಂತ ಮೊದಲು ಹೇಳುತ್ತಾರೆ. ಆಮೇಲೆ ಟೀ ಬರುತ್ತದೆ, ಆಮೇಲೆ ಯಾರಾದರೂ ಹಳಬರು ಒಳಗಿನ ರೂಮಿನ ಬೀಗ ತೆಗೆಯುತ್ತಾರೆ. ಹಾಗೆ ಒಂದು ಕಚೇರಿಯಲ್ಲಿ ಬೀರುವಿನ ಮೇಲೆ ಸಿಕ್ಕ ಸುರುಳಿಗಳಿಂದ ನನ್ನ ಹುಚ್ಚು ಶುರುವಾಯಿತು. ಅಲ್ಲಿಂದ ಮುಂದೆ ಅಲ್ಲೊಂದು ಇಲ್ಲೊಂದು ಕಡೆ ಅನುಮತಿ ಕೇಳಿ, ಕೂತು, ಸ್ಕ್ಯಾನ್ ಮಾಡಿಕೊಂಡು ಬಂದೆ.

ಎಲ್ಲರೂ ಡ್ರಾಯಿಂಗ್ ಬಿಚ್ಚಿದ ತಕ್ಷಣ ಎಲಿವೇಶನ್, ಅಂದರೆ ಕಟ್ಟಡ ಹೊರಗಿನಿಂದ ಕಾಣುವ ಚಿತ್ರ, ನೋಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮೊದಲು ಬಲಗಡೆ ಕೆಳಮೂಲೆ ನೋಡುತ್ತೇನೆ. ಟೈಟಲ್ ಬ್ಲಾಕ್ ಇರುವುದು ಅಲ್ಲಿ. ಯಾರು ಬರೆದರು, ಯಾರು ಟ್ರೇಸ್ ಮಾಡಿದರು, ಯಾರು ಚೆಕ್ ಮಾಡಿದರು, ಯಾವ ತಾರೀಖು, ಯಾವ ಸ್ಕೇಲು. ಕಷ್ಟ ಏನೆಂದರೆ ಸುರುಳಿಯ ಹೊರಸುತ್ತಿಗೆ ಬರುವುದೂ ಹೆಚ್ಚಾಗಿ ಅದೇ ತುದಿ. ಎಲ್ಲರ ಕೈ ಬೀಳುವುದು ಅಲ್ಲೇ, ಹರಿಯುವುದೂ ಮೊದಲು ಅಲ್ಲೇ. ಮೂಲೆ ಹೋಯಿತೆಂದರೆ ಡ್ರಾಯಿಂಗ್ ಅನಾಥ.

ಕಾಗದದ ವಿಷಯದಲ್ಲಿ ನಾನು ತಪ್ಪು ಮಾಡಿಯೇ ಕಲಿತಿದ್ದು. ಬ್ಲೂಪ್ರಿಂಟ್‌ಗೆ, ಅಂದರೆ ನೀಲಿ ಹಾಳೆಯ ಮೇಲೆ ಬಿಳಿ ಗೆರೆ ಮೂಡಿದ ನಕಲಿಗೆ, ಕ್ಷಾರ ಆಗುವುದಿಲ್ಲ, ನೀಲಿ ಬಿಳಿಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ, ಹಳೆ ದಾಖಲೆಗೆ ಒಳ್ಳೆಯದು ಅಂತ ದುಬಾರಿ ಕಾಗದ ತರಿಸಿ ನಡುವೆ ಇಟ್ಟೆ. ಆ ಕಾಗದಕ್ಕೆ ಆಮ್ಲ ತಡೆಯಲೆಂದೇ ಸುಣ್ಣದಂಥ ಪುಡಿ ಸೇರಿಸಿರುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ತೆಗೆದರೆ ಒಂದು ಹಾಳೆಯ ಅಂಚು ಒಗೆದ ಜೀನ್ಸ್ ಥರ ಆಗಿತ್ತು. ಈಗ ಬ್ಲೂಪ್ರಿಂಟ್‌ಗಳ ನಡುವೆ ಸುಣ್ಣ ಸೇರಿಸದ ಕಾಗದವನ್ನೇ ಇಡುತ್ತೇನೆ. ಅಮೋನಿಯ ಹಬೆಯಲ್ಲಿ ಮೂಡಿಸಿದ ನಕಲುಗಳನ್ನು ಬ್ಲೂಪ್ರಿಂಟ್ ಪಕ್ಕ ಇಡುವುದೇ ಇಲ್ಲ. ಟ್ರೇಸಿಂಗ್ ಕ್ಲಾತ್ ಇನ್ನೊಂದು ಜಾತಿ: ಡ್ರಾಯಿಂಗ್ ಟ್ರೇಸ್ ಮಾಡಲು ಗಂಜಿ ಹಾಕಿ ನುಣುಪು ಮಾಡಿದ ಬಟ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ಗಂಜಿ ಬಿಟ್ಟು ಮೆತ್ತಗಾಗುತ್ತದೆ. ಹಳೆ ಡ್ರಾಫ್ಟ್ಸ್‌ಮನ್‌ಗಳು ಬೇಡದ ಟ್ರೇಸಿಂಗ್‌ಗಳನ್ನು ಮನೆಗೆ ಒಯ್ದು, ಒಗೆದು ಕರ್ಚೀಫ್ ಮಾಡಿಕೊಳ್ಳುತ್ತಿದ್ದರಂತೆ. ಎಷ್ಟು ಕಟ್ಟಡಗಳು ಹಾಗೆ ಜೇಬಿಗೆ ಹೋದವೋ!

ಇನ್ನೊಂದು ಎಡವಟ್ಟು. ಒಂದು ಬ್ಲೂಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ವರಾಂಡದ ಉದ್ದ ಅಳೆದೆ. ಒಂದು ಇಂಚಿಗೆ ಎಂಟು ಅಡಿ. ಜಾಗಕ್ಕೆ ಹೋಗಿ ಟೇಪ್ ಹಿಡಿದರೆ ಒಂದು ಅಡಿಗಿಂತ ಜಾಸ್ತಿ ವ್ಯತ್ಯಾಸ. ಕಟ್ಟಿದವರೇ ತಪ್ಪಿದ್ದಾರೆ ಅಂತ ವರದಿಯಲ್ಲಿ ಬರೆದೂಬಿಟ್ಟಿದ್ದೆ. ಜೊತೆಗಿದ್ದ ಹಿರಿಯ ಡ್ರಾಫ್ಟ್ಸ್‌ಮನ್ ನಕ್ಕರು. ‘ಸಾರ್, ಅದನ್ನ ನೀರಲ್ಲಿ ತೊಳೆದು ಒಣಗಿಸಿರ್ತಾರೆ. ಬಟ್ಟೆ ಕುಗ್ಗಲ್ವಾ, ಕಾಗದಾನೂ ಕುಗ್ಗುತ್ತೆ. ಬರೆದಿರೋ ಅಂಕಿ ನೋಡಿ.’ ಅಂಕಿ ನೋಡಿದೆ. ಗೋಡೆಗೂ ಅಂಕಿಗೂ ಸರಿಯಾಗಿ ತಾಳೆಯಾಯಿತು. ವರದಿ ವಾಪಸ್ ತೆಗೆದುಕೊಂಡೆ. ಅವತ್ತಿಂದ ಪ್ರತಿ ಸ್ಕ್ಯಾನ್‌ನಲ್ಲೂ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡುತ್ತೇನೆ. ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ಕುಗ್ಗಿಸಿದ ಮೇಲೆ ಹಾಳೆ ನಿಜವಾಗಿ ಎಷ್ಟು ದೊಡ್ಡದಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

ಹಾಳೆಗಳನ್ನು ಜೋಡಿಸುವುದು ಹೇಗೆ ಅನ್ನುವುದಕ್ಕೆ ಬಹಳ ದಿನ ಒದ್ದಾಡಿದೆ. ಮೊದಲು ಕಟ್ಟಡದ ಪ್ರಕಾರ ಜೋಡಿಸಿದೆ. ಆಗ ಬರೀ ಕಟ್ಟಡ ಕಂಡಿತು, ಮನುಷ್ಯ ಕಾಣಲಿಲ್ಲ. ಕೊನೆಗೆ ಎಲ್ಲ ಕೆಡವಿ, ಸ್ಕ್ಯಾನ್ ಪ್ರತಿಗಳನ್ನು ತಾರೀಖಿನ ಪ್ರಕಾರ ಹಾಲ್‌ನಲ್ಲಿ ಹಗ್ಗ ಕಟ್ಟಿ ಕ್ಲಿಪ್ ಹಾಕಿ ನೇತುಹಾಕಿದೆ. ನನ್ನ ಹತ್ತಿರ ಹಾಳೆ ಇಲ್ಲದ ವರ್ಷಗಳಿಗೆ ಚೀಟಿ ಬರೆದು ಸಿಕ್ಕಿಸಿದೆ. ಹೆಂಡತಿ ಎರಡು ವಾರ ತಡೆದುಕೊಂಡಳು.

ಹಗ್ಗದ ಮೊದಲ ಚೀಟಿಯೇ ವಿಚಿತ್ರ. ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿ, ಅಲ್ಲೇ ಓದಿ, 1933ರಲ್ಲಿ ಆರ್ಕಿಟೆಕ್ಟ್‌ಗಳಿಗೆ ಕೊಡುವ ಶಿಂಕೆಲ್ ಪ್ರಶಸ್ತಿ ಪಡೆದ ಹುಡುಗ, ಕೋನಿಗ್ಸ್‌ಬರ್ಗರ್. ಅದೇ ವರ್ಷ ನಾಜಿಗಳು ಬಂದರು. ಯಹೂದಿ ಅನ್ನುವ ಕಾರಣಕ್ಕೆ ಕೆಲಸ ಹೋಯಿತು. ಈಜಿಪ್ಟ್‌ಗೆ ಹೋಗಿ ಪುರಾತತ್ವದವರ ಜೊತೆ ಸೇರಿ ಪಿಎಚ್‌ಡಿ ಮಾಡಿದರು. ವಿಷಯ ಏನು ಗೊತ್ತಾ? ಪ್ರಾಚೀನ ಈಜಿಪ್ಟಿನ ಬಾಗಿಲು! ಬಾಗಿಲನ್ನು ಹೇಗೆ ಮಾಡುತ್ತಿದ್ದರು, ಹೇಗೆ ಜೋಡಿಸುತ್ತಿದ್ದರು ಅಂತ. ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ.ವಿ. ರಾಮನ್ ಕರೆದರೆಂದು ಬಾರ್ನ್ 1935–36ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಇದ್ದು ಹೋಗಿದ್ದರು. ಆ ನಂಟಿನಿಂದಲೇ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸಂಪರ್ಕ ಆಗಿದ್ದು.

ಆಮೇಲೆ ಬೆಂಗಳೂರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ಕಲಾಸಿಪಾಳ್ಯದ ಬಸ್ ನಿಲ್ದಾಣ, ಟಾಟಾ ಇನ್‌ಸ್ಟಿಟ್ಯೂಟ್‌ನ ಏರೋನಾಟಿಕ್ಸ್, ಮೆಟಲರ್ಜಿ, ಊಟದ ಹಾಲ್. ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ ಶುರುವಾಗಿತ್ತು, ಯುದ್ಧ ಬೇರೆ. ಏರೋನಾಟಿಕ್ಸ್ ವಿಭಾಗ 1942ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದೇ ಕ್ಯಾಂಪಸ್‌ನಲ್ಲಿ ಸಿ.ಎಫ್. ಸ್ಟೀವನ್ಸ್ ಕಟ್ಟಿದ ಗೋಪುರದ ಮುಖ್ಯ ಕಟ್ಟಡ ಎದೆಯುಬ್ಬಿಸಿ ನಿಂತಿದೆ. ಏರೋನಾಟಿಕ್ಸ್ ಕಟ್ಟಡ ಉದ್ದಕ್ಕೆ ಮಲಗಿದೆ, ಅಡ್ಡಡ್ಡ ಸಜ್ಜಾ ಎಳೆದುಕೊಂಡು. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಸಜ್ಜಾದ ನೆರಳು ಕಿಟಕಿಯ ಯಾವ ಗೆರೆಗೆ ಬೀಳುತ್ತದೆ ನೋಡಿ. ಕಾಲೇಜಿನಲ್ಲಿ ನಾವು ಉರು ಹೊಡೆದ ಪಾಠದ ಅಭ್ಯಾಸ ಇಲ್ಲಿ ನಡೆದಿತ್ತು.

ಆ ಕಾಲದ್ದೇ, ಸಹಿ ಹರಿದುಹೋದ ಒಂದು ಸೆಕ್ಷನ್, ಅಂದರೆ ಸರ್ಕಾರಿ ಕಟ್ಟಡವೊಂದನ್ನು ಸೀಳಿದಂತೆ ತೋರಿಸುವ ಡ್ರಾಯಿಂಗ್, ನನ್ನ ಹತ್ತಿರ ಇದೆ. ಟ್ರೇಸಿಂಗ್ ಕ್ಲಾತ್. ನೇರ ಬೆಳಕಿನಲ್ಲಿ ಚಾವಣಿಗೆ ‘ಮದ್ರಾಸ್ ಟೆರೇಸ್’ ಅಂತ ಇಂಗ್ಲಿಷಿನಲ್ಲಿ ನೀಟಾಗಿ ಬರೆದಿದೆ. ಟಾರ್ಚ್ ಅನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಅದರ ಕೆಳಗೆ ಬ್ಲೇಡಿನಲ್ಲಿ ಕೆರೆದ ಗುರುತು ಮೇಲೇಳುತ್ತದೆ. ‘ಆರ್‌ಸಿಸಿ ಸ್ಲ್ಯಾಬ್’, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ಚಾವಣಿ. ಯುದ್ಧದ ವರ್ಷಗಳಲ್ಲಿ ಕಬ್ಬಿಣ, ಸಿಮೆಂಟು ಸಿಗುತ್ತಿರಲಿಲ್ಲ. ಸ್ಲ್ಯಾಬ್ ಕೆರೆದು ಮರದ ತೊಲೆ, ಇಟ್ಟಿಗೆ, ಗಾರೆಗೆ ಬಂದಿದ್ದಾರೆ. ತೊಲೆ ಬಂತೆಂದರೆ ಅಗಲ ಕಮ್ಮಿ ಮಾಡಬೇಕು, ಹಾಗಾಗಿ ರೂಮಿನ ಅಳತೆಯನ್ನೂ ಕೆರೆದು ಬರೆದಿದ್ದಾರೆ. ಅದರ ಮೇಲೆ ಯಾರೋ ಆಮೇಲಿನವರು ಕೆಂಪು ಇಂಕಿನಲ್ಲಿ ಮೀಟರ್ ಲೆಕ್ಕದಲ್ಲಿ ಒಂದು ಟಾಯ್ಲೆಟ್ ಸೇರಿಸಿದ್ದಾರೆ.

ಈ ಹಾಳೆ ಕೋನಿಗ್ಸ್‌ಬರ್ಗರ್ ಅವರದ್ದೇ ಅಂತ ನಾನು ಎರಡು ವರ್ಷ ಹೇಳಿಕೊಂಡು ಓಡಾಡಿದೆ. ಆಮೇಲೆ ಅದೇ ಕಟ್ಟಡದ, ಅವರು ಊರಿಗೆ ಬರುವ ಮುಂಚಿನ ತಾರೀಖಿನ ಪ್ಲಾನ್ ಸಿಕ್ಕಿತು. ನಾಚಿಕೆಯಾಯಿತು. ಸರ್ಕಾರಿ ಡ್ರಾಯಿಂಗ್‌ನಲ್ಲಿ ದೊಡ್ಡ ಸಹಿ ಇದ್ದರೂ ಅವರೇ ಡಿಸೈನ್ ಮಾಡಿದರು ಅಂತ ಹೇಳಲಾಗುವುದಿಲ್ಲ. ಸಹಿ ಹಾಕುವುದು ಹುದ್ದೆ. ಇಲ್ಲಿ ಸಹಿಯೂ ಇರಲಿಲ್ಲ, ನನಗೆ ಬೇಕಾಗಿತ್ತು ಅಷ್ಟೆ.

ಹಗ್ಗದ ಇನ್ನೊಂದು ತುದಿಗೆ ಹೋದಂತೆ ಸ್ಕೇಲು ಬದಲಾಗುತ್ತದೆ. ಇಂಚಿಗೆ ಎಂಟು ಅಡಿ ಇದ್ದದ್ದು ಇಂಚಿಗೆ ನೂರಾರು ಅಡಿ ಆಗುತ್ತದೆ. ಟಾಟಾದವರಿಗೆ ಜಮ್ಶೆಡ್‌ಪುರದ ನಗರ ಯೋಜನೆ, 1948ರಲ್ಲಿ ಭುವನೇಶ್ವರ. ಬಾಗಿಲಿಂದ ಶುರು ಮಾಡಿದವರು ಊರಿಗೇ ನಕ್ಷೆ ಬರೆದರು. ಅಷ್ಟರಲ್ಲಿ ಅವರು ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರು. ದೇಶವಿಭಜನೆಯಿಂದ ಬಂದವರಿಗೆ ಮನೆ ಬೇಕು, ಬೇಗ ಬೇಕು. ಕಾರ್ಖಾನೆಯಲ್ಲೇ ಗೋಡೆ ಎರಕ ಹೊಯ್ದು ತಂದು ನಿಲ್ಲಿಸುವ ಯೋಜನೆ ಮಾಡಿದರು. ಪ್ಯಾನೆಲ್‌ಗಳು ಬಿರುಕು ಬಿಟ್ಟವು. ಪಾರ್ಲಿಮೆಂಟಿನಲ್ಲಿ ಗಲಾಟೆಯಾಯಿತು. 1951ರಲ್ಲಿ ಲಂಡನ್ನಿಗೆ ಹೊರಟರು. ನಾವು ಓದಿದ ಪುಸ್ತಕ ಬಂದಿದ್ದು ಅಲ್ಲಿ ಪಾಠ ಹೇಳುತ್ತಾ, 1970ರ ದಶಕದಲ್ಲಿ. ಬಾಗಿಲಿನ ಜೋಡಣೆಯಲ್ಲಿ ಡಾಕ್ಟರೇಟ್ ಪಡೆದವರು ಗೋಡೆ ಜೋಡಿಸುವ ಕೆಲಸದಲ್ಲಿ ಎಡವಿದರಲ್ಲ ಅಂತ ಆ ಹಗ್ಗದ ಕೆಳಗೆ ನಿಂತು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನನ್ನ ಪಟ್ಟಿಯಲ್ಲಿ ‘ಟ್ರೇಸ್ ಮಾಡಿದವರು’ ಅನ್ನುವ ಕಾಲಂ ಬಹುಪಾಲು ಖಾಲಿ. ಬರೀ ಇನಿಶಿಯಲ್ ಇರುತ್ತದೆ. ಬ್ಲೇಡಿನಲ್ಲಿ ಕೆರೆದ ಆ ಹಾಳೆಯ ಹಿಂದೆ, ಪೆನ್ಸಿಲ್‌ನಲ್ಲಿ, ಕನ್ನಡ ಅಂಕಿಗಳಲ್ಲಿ ಒಂದು ತಿಂಗಳ ಹಾಲಿನ ಲೆಕ್ಕ ಇದೆ. ನಡುವೆ ಮೂರು ದಿನ ಹಾಲು ಬಂದಿಲ್ಲ. ಅದನ್ನೂ ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ.